ಕಮರಿಯಾಚೆಯ ಜೇನು

ಜೇನು ಕೊಳ್ಳುವುದರಲ್ಲಿ ನನ್ನಂಥ ಚಾಲಾಕಿ ಇಡೀ ಅತ್ಸ್ಬಿ ಸಂತೆಯಲ್ಲೇ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಅಂದರೆ ನನಗೆ.

ನನಗೆ ಅಂಗೈಯಗಲ ಹೊಲವಿಲ್ಲ. ಮಾವನ ಗಣಿಯಲ್ಲಿ ಕಲ್ಲು ಒಡೆಯುತ್ತಾ, ಇಂಜೆರಾ ರೊಟ್ಟಿಯ ಜೊತೆ ಅವನ ಬೈಗುಳವನ್ನೂ ನಂಜಿಕೊಂಡು ಬದುಕಿದವನು. ಜೇನಿಗಾದರೆ ಹೊಲ ಬೇಡ, ಮನೆಯ ಸೂರು ಸಾಕು. ಹೆಂಡತಿ ಲೆತಾಯ್ ತನ್ನ ಕುರಿಗಳನ್ನು ಮಾರಿ ಹಣ ಕೈಗಿಟ್ಟು, "ಈ ಜೇನೂ ನಿಲ್ಲಲಿಲ್ಲ ಅಂದ್ರೆ ಮತ್ತೆ ಅಪ್ಪನ ಕಲ್ಲೇ ಗತಿ, ನೋಡ್ಕೊಳ್ಳಿ" ಎಂದಳು.

ಸಂತೆಯಲ್ಲಿ ಹಾಲೆಫೋಮ್ ಎಂಬ ಮುದುಕ ಸಗಣಿ ಮೆತ್ತಿದ ಬುಟ್ಟಿಗೂಡು ಇಟ್ಟುಕೊಂಡು ಕೂತಿದ್ದ. ಕಿವಿಯಿಟ್ಟು ಕೇಳಿದೆ, ಮೂಸಿದೆ, ಎತ್ತಿ ನೋಡಿದೆ. ಚೆನ್ನಾಗಿತ್ತು, ಅದಕ್ಕೇ ಮುಖ ಸಿಂಡರಿಸಿದೆ.

"ಯಾವೂರಪ್ಪ ನಿಂದು?" ಎಂದ.

"ಅಡಿಗ್ರಾತಿಂದ ಆಚೆ ಅಜ್ಜ. ನಡ್ಕೊಂಡೇ ಬಂದೀನಿ, ಬರಿಗೈಲಿ ಕಳಿಸ್ಬೇಡಿ."

"ನಿಜ ತಾನೆ? ಹತ್ತಿರದೋರಿಗೆ ನಾನು ಕೊಡಲ್ಲ ಮಗ. ಹುಳ ವಾಪಸ್ ನಮ್ಮನೆಗೇ ಬರ್ತವೆ."

"ಅಯ್ಯೋ, ಮರ್ಯಮ್ ತಾಯಾಣೆಗೂ ದೂರ!"

ಪಾಪ, ನನ್ನ ಸುಳ್ಳು ನಂಬಿ ಕನಿಕರಪಟ್ಟು ಬೆಲೆ ಇಳಿಸಿದ. ಅವನದು ಯಾವೂರೆಂದು ನಾನು ಕೇಳಲಿಲ್ಲ. ಗೆದ್ದ ಜಂಬದಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಮರುದಿನ ಗೂಡಿನ ಬಾಯಿ ತೆರೆದೆ. ಹುಳಗಳು ಸಾಲು ಹಿಡಿದು ನಮ್ಮೂರ ಪಕ್ಕದ ಕಮರಿಯ ಮೇಲೆ ಹಾರಿದವು. "ಮೇಯೋಕೆ ಹೋಗಿವೆ" ಎಂದು ಗತ್ತಿನಿಂದ ಹೇಳಿದೆ. ಮಧ್ಯಾಹ್ನವಾದರೂ ಒಂದೂ ತಿರುಗಲಿಲ್ಲ. ಗೂಡಿನಲ್ಲಿ ಉಳಿದದ್ದು ರಾಣಿ ಮತ್ತು ಹಿಡಿಯಷ್ಟು ಹುಳ.

"ಮೇಯೋಕೆ ಹೋದೋವು ಅಲ್ಲೇ ಬಿಡಾರ ಹೂಡಿದ್ವಾ?" ಎಂದಳು ಲೆತಾಯ್.

ಕಮರಿ ಇಳಿದು ಆಚೆ ದಡ ಹತ್ತಿದೆ. ಮೊದಲ ಮನೆಯ ಸೂರಿಗೆ ನನ್ನ ಜೇನು ಮುದ್ದೆಯಾಗಿ ಜೋತುಬಿದ್ದಿತ್ತು. ಕೆಳಗೆ ಹಾಲೆಫೋಮ್ ಕೂತಿದ್ದ. ನಮ್ಮಿಬ್ಬರ ಊರು ಬಂಡಿದಾರಿಯಲ್ಲಿ ಅರ್ಧ ದಿನ ದೂರ, ಜೇನಿಗೆ ಮಾತ್ರ ಎದುರು ಮನೆ.

"ಲೇ, ಅಡಿಗ್ರಾತಿನೋರು ಬಂದ್ರು, ನೀರು ಕೊಡೇ!" ಎಂದು ಹೆಂಡತಿಯನ್ನು ಕೂಗಿದ. ಆಮೇಲೆ ನಗು ನಿಲ್ಲಿಸಿ, "ರಾಣಿ ಅಲ್ಲಿ, ಮಂದಿ ಇಲ್ಲಿ. ಚಳಿ ಬೀಳೋದ್ರೊಳಗೆ ಸೇರಿಸ್ಲಿಲ್ಲ ಅಂದ್ರೆ ಎಲ್ಲಾ ಸಾಯ್ತವೆ. ಓಡು!" ಎಂದ.

ಓಡಿದೆ. ಗೂಡು ತಲೆ ಮೇಲಿಟ್ಟುಕೊಂಡು ಊರೆಲ್ಲ ನೋಡುತ್ತಿದ್ದಂತೆ ಮತ್ತೆ ಕಮರಿಯತ್ತ ಹೊರಟೆ. ಗಣಿಯಿಂದ ಮಾವ ಕೂಗಿದ: "ಅಳಿಯಂದ್ರೇ, ಸುತ್ತಿಗೆಗೆ ಹೊಸ ಹಿಡಿ ಹಾಕ್ಸಿಡ್ಲಾ?"

ಗೂಡನ್ನು ಮುದುಕನ ಸೂರಿನಡಿ ಹಳೆಯ ಜಾಗದಲ್ಲಿಟ್ಟ ಕೂಡಲೇ ಹುಳಗಳು ಗುಂಯ್ ಎಂದು ಒಳನುಗ್ಗಿದವು. ನನಗೆ ಅಳುವೇ ಬಂದುಬಿಟ್ಟಿತು. ಮುದುಕ ಹೆಗಲ ಮೇಲೆ ಕೈಯಿಟ್ಟ. "ಈ ವರ್ಷ ಇಲ್ಲೇ ಇರ್ಲಿ. ತುಪ್ಪ ಅರ್ಧ ನಿಂಗೆ, ಅರ್ಧ ನಂಗೆ."

ಅರ್ಧ ಜೇನುತುಪ್ಪ ಎಂದರೆ ಅರ್ಧ ವರ್ಷ ಮಾವನ ಗಣಿಯಲ್ಲಿ ಕಲ್ಲು. ಲೆತಾಯ್ ರೇಗಲೂ ಇಲ್ಲ. "ಹುಳಗಳನ್ನ ಯಾರೂ ಕೇಳ್ಲಿಲ್ಲ, ಆದ್ರೂ ತಮ್ಮ ಮನೆ ಯಾವ್ದು ಅಂತ ತೋರಿಸಿದ್ವು. ನಿಮ್ಮನ್ನ ಬಾಯಿಬಿಟ್ಟು ಕೇಳಿದ್ರಲ್ರೀ!" ಎಂದಳು, ಅಷ್ಟೆ.

ಮರುದಿನ ಗಣಿಯಲ್ಲಿ ಹೊಸಬನೊಬ್ಬ ನನ್ನನ್ನು ಯಾವೂರೆಂದು ಕೇಳಿದ. ಊರು, ಓಣಿ, ಮನೆ ಬಾಗಿಲು ಯಾವ ದಿಕ್ಕಿಗಿದೆ ಎನ್ನುವುದನ್ನೂ ಹೇಳಿದೆ.