ಜುಲೈಖಾ ಮ್ಯಾಚ್ ಹಾಕಿಸಿದ ಸಂಜೆ

ಒಂದು ವಿಮರ್ಶೆಯ ಅರವತ್ತು ದಿನಾರನ್ನು ಪತ್ರಿಕೆ ತನ್ನ ಹಳೆಯ ಟಿವಿ ವಿಮರ್ಶಕಿ ಜುಲೈಖಾಳಿಗೆ ಇನ್ನೂ ಕೊಟ್ಟಿಲ್ಲ. ಗಣಿ ಮುಷ್ಕರದ ನಾವು ಅವಳಿಗೆ ಕೊಡಬೇಕಾದದ್ದು ಬೇರೆಯೇ ಇದೆ.

ಅಡುಗೆಯ ಸಾಕ್ಷ್ಯಚಿತ್ರ ಯಾವುದೇ ಬರಲಿ, ಟಿವಿಯ ದನಿ ಪೂರ್ತಿ ಅಡಗಿಸಿ, ಬೆನ್ನನ್ನು ಗೋಡೆಗೂ ಒಂದು ಕಣ್ಣನ್ನು ಬಾಗಿಲಿಗೂ ಕೊಟ್ಟು ಅವಳು ನೋಡುತ್ತಿದ್ದದ್ದು ಅಡುಗೆಯವರ ಕೈಗಳನ್ನಷ್ಟೇ. "ಬಾಯಿ ಸುಳ್ಳು ಹೇಳುತ್ತೆ ಕಣಯ್ಯಾ, ಕೈಗೆ ಆ ವಿದ್ಯೆ ಬರಲ್ಲ." ಸತ್ತ ಗಂಡನ ಕಂದು ಕೋಟು ಬೇಸಿಗೆಯಲ್ಲೂ ಮೈಮೇಲೆ, ಹಿಂದೊಮ್ಮೆ ಕೂತುಬಂದ ಲಾಕಪ್ಪಿನ ಚಳಿ ಇನ್ನೂ ಬಿಟ್ಟಿಲ್ಲವೆನ್ನುತ್ತಿದ್ದಳು. ನಮ್ಮ ಗಣಿಯೂರು ಗಫ್ಸಾದ ಕಾಫಿ ಅಂಗಡಿಗಳಲ್ಲಿ ಅವಳು ಹೊಗಳಿದ ಕಂತು ಓಡುತ್ತಿತ್ತು, ತೆಗಳಿದರೆ ಫುಟ್‌ಬಾಲ್.

ದಕ್ಷಿಣದ ಅಡುಗೆಗಳ ಸರಣಿಯೊಂದರ ಮೂರನೇ ಕಂತು ಪ್ರಸಾರಕ್ಕೆ ಮೊದಲೇ ವಿಮರ್ಶೆಗೆಂದು ಅವಳ ಕೈಸೇರಿತು. ಮುಖ ಮರೆಸಿದ ಹೆಂಗಸೊಬ್ಬಳು ಗೋಧಿರವೆಯ ಕುಸ್ಕುಸು ಬೇಯುವ ಆವಿಪಾತ್ರೆಯನ್ನು ಸಾರಿನ ಹಂಡೆಯ ಮೇಲೆ ಕೂರಿಸಿ, ಸಂದಿಗೆ ಹಿಟ್ಟಿನ ನೀರಲ್ಲಿ ಅದ್ದಿದ ಪಟ್ಟಿ ಸುತ್ತುತ್ತಿದ್ದಳು. ಗಣಿಕಾರ್ಮಿಕರ ನೀಲಿ ಅಂಗಿಯ ಪಟ್ಟಿ, ಎಡಗೈಯಲ್ಲಿ ಹಾಕಿದ ಗಂಟು, ತುದಿಯನ್ನು ಒಳಕ್ಕೆ ತುರುಕಿದ ಹೆಬ್ಬೆರಳು. ಜುಲೈಖಾ ಆ ಕೈಗಳ ಗುರುತು ಹಿಡಿದಳು. ಮುಷ್ಕರದ ಡೇರೆಯಲ್ಲಿ ನಲವತ್ತು ದಿನ ನಮಗೆ ಉಣಿಸಿ, ಆರು ವರ್ಷದ ಶಿಕ್ಷೆಗೆ ಸಿಗದೆ ತಲೆಮರೆಸಿಕೊಂಡಿದ್ದ ಮಬ್ರೂಕಾ! ಹಿಂದಿನ ಕಿಟಕಿಯಲ್ಲಿ, ಅವಳು ಅಡಗಿದ್ದ ಊರಿನ ನೀರಿನ ಟ್ಯಾಂಕು ನಿಚ್ಚಳ. ಆ ಡೇರೆಯಲ್ಲಿ ಉಂಡವರಲ್ಲಿ ಪೊಲೀಸರಿಗೆ ಸುದ್ದಿ ಮುಟ್ಟಿಸುವವರೂ ಇದ್ದರು. ಅವರು ಈಗಲೂ ಅದೇ ಕಾಫಿ ಅಂಗಡಿಗಳಲ್ಲಿ ಕೂರುತ್ತಾರೆ. ಚಿತ್ರ ಮಾಡಿದವರಿಗೆ ಫೋನ್ ಮಾಡೋಣವೆಂದರೆ ಕೇಳಿಸಿಕೊಳ್ಳುವ ಮೂರನೇ ಕಿವಿಯ ಭಯ.

ಬರೆದಳು: "ಉಪ್ಪಿಲ್ಲದ ಕಂತು. ಆ ಹೊತ್ತಿಗೆ ಫುಟ್‌ಬಾಲ್ ನೋಡಿ."

ಪ್ರಸಾರದ ಸಂಜೆ ಕಾಫಿ ಅಂಗಡಿಯ ಹಮ್ದಾ ಕಿಚಾಯಿಸಿದ: "ಏನ್ ಲಲ್ಲಾ, ಅಮ್ಮಾವ್ರೇ, ಉಪ್ಪಿಲ್ಲ ಅಂದ್ರಂತೆ? ಟಿವಿ ನೆಕ್ಕಿ ನೋಡಿದ್ರಾ?"

"ಹ್ಞೂಂ, ನೆಕ್ಕಿದೆ. ಮ್ಯಾಚ್ ಹಾಕು."

ಸರಣಿ ಚೆನ್ನಾಗಿದೆಯೆಂದು ರಾಜಧಾನಿಯೆಲ್ಲ ಹೊಗಳುತ್ತಿತ್ತು. ಪಕ್ಕದ ಮೇಜಿನಲ್ಲಿದ್ದ ನನಗೆ ಉರಿದುಹೋಯಿತು. "ಟಿವಿಯೋರು ನಮ್ಮ ಕಡೆಯೋರ ಮನೆ ಒಲೆ ತೋರಿಸಿದ್ದು ಇದೇ ಮೊದಲು, ಅದಕ್ಕೂ ಮಣ್ಣು ಹಾಕ್ದೆ. ಎಷ್ಟಕ್ಕೆ ಮಾರ್ಕೊಂಡೆ?"

ಅವಳು ನನ್ನತ್ತ ನೋಡಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು. ಮಾರಿಹೋದವಳೆಂಬ ಹೆಸರು ಊರೆಲ್ಲ ಹಬ್ಬಿತು. ಪತ್ರಿಕೆ ಅವಳನ್ನು ಕೈಬಿಟ್ಟಿತು.

ಕಳೆದ ತಿಂಗಳು ಮಬ್ರೂಕಾ ತೀರಿಕೊಂಡಳು. ಜೈಲಲ್ಲಲ್ಲ, ತನ್ನ ಹಾಸಿಗೆಯಲ್ಲಿ, ಮಕ್ಕಳ ನಡುವೆ. ಮಣ್ಣು ಮಾಡಿ ಬಂದ ದಿನ ಜುಲೈಖಾ ನನಗೆ ಇದನ್ನೆಲ್ಲ ಹೇಳಿದಳು, ಆಗಲೂ ಪಿಸುದನಿಯಲ್ಲೇ.

ಇಂಥವರು ಮೆರವಣಿಗೆಯ ಮುಂದಿರುವುದಿಲ್ಲ. ಹೆದರುತ್ತಲೇ ತಮ್ಮ ಹೆಸರನ್ನು ಕೆಸರಿಗೆ ಬಿಟ್ಟು ಇನ್ನೊಬ್ಬರದನ್ನು ಬಾಯೊಳಗೇ ಕಾಯುತ್ತಾರೆ. ಘೋಷಣೆ ಕೂಗಿ ಬೆಳೆದ ನಮ್ಮಂಥ ಗಂಟಲುಗಳಿಗೆ ಅದು ಹೇಡಿತನವಾಗಿ ಕಾಣುತ್ತದೆ.

ಊರಿನ ಗೆಳೆಯರೇ, ಅವಳನ್ನು ಮಾರಿಹೋದವಳೆಂದವರಲ್ಲಿ ನೀವೂ ಇದ್ದೀರಿ. ಹೋಗಿ, ಆ ಮಾತನ್ನು ಅವಳೆದುರೇ ವಾಪಸು ತೆಗೆದುಕೊಳ್ಳಿ. ಬಾಗಿಲು ಮಾತ್ರ ಪೊಲೀಸರಂತೆ ಬಡಿಯಬೇಡಿ. ಹೊರಗೆ ನಿಂತು ಮೊದಲು ನಿಮ್ಮ ಹೆಸರು ಹೇಳಿ.