ಬಿಸಿಲಿಗೆ ಬಿದ್ದ ತೇಪೆ

ಬೆಳಗಿನ ಹೊತ್ತು ದೋಣಿಯ ಮೇಲೆ ಬೇವಿನ ನೆರಳಿರುತ್ತಿತ್ತು. ಹೊತ್ತು ಏರಿದಂತೆ ನೆರಳು ಗೋಡೆಯತ್ತ ಸರಿದು, ಮಗುಚಿ ಹಾಕಿದ ದೋಣಿಯ ತಳದ ಮೇಲೆ ಮಸ್ಕಿಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಂಗಳದ ಹೊರಸಿನ ಮೇಲೆ ಮಲಗಿದ ಗಾಳೆಪ್ಪ ಅದನ್ನೇ ನೋಡುತ್ತಿದ್ದ. ನೋಡುವುದೊಂದೇ ಅವನಿಗೆ ಉಳಿದಿತ್ತು. ಲಕ್ವಾ ಹೊಡೆದ ಮೇಲೆ ಕೈಕಾಲು ಹೋದವು, ಮಾತು ಹೋಯಿತು. ತಿಳಿವಳಿಕೆ ಮಾತ್ರ ಇದ್ದ ಹಾಗೇ ಇತ್ತು.

ದೋಣಿ ಮಗ ಗಂಗಾಧರನದು. ಊರ ಹತ್ತಿರದ ಡ್ಯಾಮಿನಲ್ಲಿ ಅವನು ಮೀನು ಹಿಡಿಯುತ್ತಾನೆ. ಈಜು ಮಾತ್ರ ಅಷ್ಟಕ್ಕಷ್ಟೆ. ಚಳಿಗಾಲದಲ್ಲಿ ನೀರು ಇಳಿದಾಗ ಬಂಡೆಗೆ ತಾಗಿ ಫೈಬರಿನ ತಳ ಮೊಳದುದ್ದ ಸೀಳಿತ್ತು. ಹಟ್ಟಿಯ ಚಿನ್ನದ ಗಣಿಯಲ್ಲಿ ಪಂಪ್ ಫಿಟ್ಟರ್ ಆಗಿದ್ದು ನಿವೃತ್ತನಾದ ಗಾಳೆಪ್ಪನೇ ಅದನ್ನು ರಿಪೇರಿ ಮಾಡಿದ. ಸೀಳಿನ ಅಂಚು ಉಜ್ಜಿ, ಎಪಾಕ್ಸಿ ಅಂಟಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಅನ್ನು ಅಳತೆ ತಪ್ಪದೆ ಬೆರೆಸಿ, ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿದ. ಒಣಗಿದ ತೇಪೆ ಹಸಿ ಬೆಲ್ಲದ ಪಾಕದಂತೆ ಹೊಳೆಯುತ್ತಿತ್ತು. ಬಣ್ಣ ಬಳಿಯುವವರೆಗೆ ಬಿಸಿಲು ತಾಗದಿರಲೆಂದು ತಾಡಪತ್ರಿ ಹೊದಿಸಿದ. ಬಣ್ಣ ತರಲು ಹೊರಡಬೇಕಿದ್ದ ದಿನವೇ ಬಚ್ಚಲಲ್ಲಿ ಬಿದ್ದ.

ಬೇಸಿಗೆ ಬಂದಾಗ ತಗಡಿನ ಮನೆಯೊಳಗೆ ಅವನು ಬೇಯಬಾರದೆಂದು ಹೊರಸನ್ನು ಅಂಗಳಕ್ಕೆ ತಂದರು. ನೆರಳಿಗೆ ಏನನ್ನಾದರೂ ಕಟ್ಟಬೇಕಿತ್ತು. ಗಂಗಾಧರ ದೋಣಿಯ ಮೇಲಿನ ತಾಡಪತ್ರಿಯನ್ನೇ ಎಳೆದು ನಾಲ್ಕು ಗಳಗಳಿಗೆ ಕಟ್ಟಿದ. ಅಂದಿನಿಂದ ಗಾಳೆಪ್ಪ ದೋಣಿಯ ತಾಡಪತ್ರಿಯ ನೆರಳಿನಲ್ಲಿ, ದೋಣಿ ಗಾಳೆಪ್ಪನ ಕಣ್ಣೆದುರು ಬಿಸಿಲಿನಲ್ಲಿ.

ಎಪಾಕ್ಸಿಗೆ ನೀರಿನ ಭಯವಿಲ್ಲ, ಬಿಸಿಲಿನದುಂಟು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಅದರ ಮೇಲ್ಪದರದ ಕಟ್ಟನ್ನು ಸಡಿಲಿಸುತ್ತವೆ. ಮೊದಲು ಹೊಳಪು ಹೋಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ, ಕಡೆಗೆ ಸುಣ್ಣದಂಥ ಪುಡಿ ಏಳುತ್ತದೆ. ಹಾಗೇ ಬಿಟ್ಟರೆ ಒಳಗಿನ ನೂಲು ಬಯಲಾಗಿ ಅದರಗುಂಟ ನೀರು ಇಳಿಯುತ್ತದೆ. ಗಣಿಯೊಳಗೆ ತೇಪೆ ಹಾಕಿದ ಪೈಪುಗಳು ವರ್ಷಗಟ್ಟಲೆ ಬಾಳಿದ್ದನ್ನು, ಬಯಲಲ್ಲಿದ್ದವು ಪುಡಿ ಎದ್ದಿದ್ದನ್ನು ಗಾಳೆಪ್ಪ ಕಂಡಿದ್ದ. ಆ ಪುಡಿಯ ಮೇಲೇ ಬಳಿದ ಬಣ್ಣ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿದು ಬಂದದ್ದನ್ನೂ ಕಂಡಿದ್ದ.

ಲಿಂಗಸುಗೂರಿನ ದವಾಖಾನೆಯಲ್ಲಿ ನರ್ಸೊಬ್ಬಳು ಮನೆಯವರಿಗೆ ಒಂದು ದಾರಿ ಹೇಳಿಕೊಟ್ಟಿದ್ದಳು: ಒಮ್ಮೆ ಕಣ್ಣು ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ. ಅದರಲ್ಲೊಂದು ತೊಡಕಿತ್ತು. ಪ್ರತಿ ‘ಅಲ್ಲ’ವೂ ‘ಹೌದು’ ಎಂಬಂತೆಯೇ ಶುರುವಾಗುತ್ತಿತ್ತು. ಸೋತ ರೆಪ್ಪೆ ಎರಡನೆಯ ಸಲ ಇಳಿಯಲು ಹೊತ್ತು ಹಿಡಿಯುತ್ತಿತ್ತು. ಕಾಯುವ ತಾಳ್ಮೆ ಹೆಂಡತಿ ಪಾರ್ವತೆಮ್ಮನಿಗಿತ್ತು, ಗಂಗಾಧರನಿಗಿರಲಿಲ್ಲ.

“ನೀರು ಬೇಕೇನ್ರಿ?” ಪಾರ್ವತೆಮ್ಮ ಕೇಳುತ್ತಿದ್ದಳು. ಅಲ್ಲ. “ಮಗ್ಗಲ ಬದಲಸ್ಲೇನು?” ಅಲ್ಲ. ಕಣ್ಣಿಗೆ ಝಳ ಹೊಡೆಯುತ್ತಿರಬೇಕೆಂದು ಒಂದು ದಿನ ಅವಳೇ ತೀರ್ಮಾನಿಸಿ ಹೊರಸನ್ನು ಗೋಡೆಯತ್ತ ತಿರುಗಿಸಿದಳು. ಅವನ ಕಣ್ಣಲ್ಲಿ ನೀರಿಳಿಯಿತು.

“ಆತು ಬಿಡ್ರಿ, ಮೊದಲಿನಂಗ ಇಡ್ತೀನಿ. ಗ್ವಾಡಿ ನೋಡ್ಕೊಂತ ಯಾರರ ಎಷ್ಟಂತ ಮಲಗ್ಯಾರು?”

ಸಿಂಧನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಭಾರತಿ ಭಾನುವಾರ ಬಂದವಳು ಅವನ ಕಣ್ಣು ಹೋದತ್ತ ತಾನೂ ನೋಡಿದಳು.

“ಯವ್ವಾ, ಅಪ್ಪ ದೋಣಿ ಕಡೇನ ನೋಡಾಕತ್ತಾನ. ದೋಣಿದ ಏನರ ಐತೇನಪಾ?”

ಒಮ್ಮೆ ಮುಚ್ಚಿದ. ಎಲ್ಲರೂ ಎರಡನೆಯದಕ್ಕೆ ಕಾದರು. ಬರಲಿಲ್ಲ.

“ಮಾರಬೇಕಾ?” ಅಲ್ಲ. “ಅದರಾಗ ಕುಂದ್ರಬೇಕಾ?” ಅಲ್ಲ.

“ಮೀನಿನ ಸಾರು ಬೇಕೇನ್ ಕೇಳು ಭಾರತಿ,” ಎಂದ ಗಂಗಾಧರ. “ಬ್ಯಾಂಕಿಗೆ ಸಾಲಕ್ಕ ಬಂದೋರನ್ನೂ ಹಿಂಗ ಕೇಳಿ ಕೇಳಿ ಓಡಸ್ತೀಯೇನು?”

“ಯಣ್ಣಾ, ನೀ ಸುಮ್ನಿರು.” ಅವಳು ದೋಣಿಯ ಹತ್ತಿರ ಹೋಗಿ ತೇಪೆಯ ಮೇಲೆ ಕೈಯಾಡಿಸಿದಳು. ಅಂಗೈಗೆ ಬಿಳಿ ಪುಡಿ ಹತ್ತಿತು. ಧೂಳೆಂದು ದುಪಟ್ಟಾಕ್ಕೆ ಒರೆಸಿಕೊಂಡಳು. “ಇಲ್ಲಷ್ಟ ಬಣ್ಣ ಇಲ್ಲ. ಬಣ್ಣ ಹಚ್ಚಬೇಕೇನಪಾ?”

ಗಾಳೆಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಎಲ್ಲರಿಗೂ ಗೊತ್ತಾಗುವಷ್ಟು ಹೊತ್ತು ಹಾಗೇ ಇದ್ದ.

“ಅಯ್ಯ ಶಿವನೇ! ಇಷ್ಟ ದಿನ ನೀರು ಬೇಕೇನಂತ ಕೇಳಿ ಕೇಳಿ ಜೀವ ತಿಂದೆನಲ್ರೀ!” ಪಾರ್ವತೆಮ್ಮ ನಗುತ್ತಲೇ ಅತ್ತಳು.

ಅಂದೇ ಗಂಗಾಧರ ತಂಗಿಯ ಜೊತೆ ಸಿಂಧನೂರಿಗೆ ಹೋಗಿ ನೀಲಿ ಪೇಂಟು, ಹೊಸ ಬ್ರಷ್ ತಂದ. ಮರುದಿನ ಒದ್ದೆ ಬಟ್ಟೆಯಿಂದ ತೇಪೆ ಒರೆಸಿದ. ಒದ್ದೆಯಿದ್ದಾಗ ಹಳೆಯ ಹೊಳಪೇ ಮರಳಿದಂತೆ ಕಂಡಿತು; ಆರಿದ ಕೂಡಲೇ ಮತ್ತೆ ಬೆಳ್ಳಗಾಯಿತು. ಅವನು ಡಬ್ಬಿ ತೆರೆದು ಬ್ರಷ್ ಅದ್ದಿದ.

ಗಾಳೆಪ್ಪ ಎರಡು ಸಲ ಕಣ್ಣು ಮುಚ್ಚಿದ. ಮತ್ತೆ ಎರಡು ಸಲ.

“ಏ ಗಂಗ್ಯಾ, ನಿಂದರು. ನಿಮ್ಮಪ್ಪ ಬ್ಯಾಡ ಅನ್ನಾಕತ್ಯಾರ,” ಎಂದಳು ಪಾರ್ವತೆಮ್ಮ.

ಗಂಗಾಧರ ಬ್ರಷ್ ಹಿಡಿದೇ ಬಂದ. “ಯಾಕಪಾ? ಬ್ಯಾರೆ ಬಣ್ಣ ಬೇಕಾ?” ಅಲ್ಲ. “ಪೇಂಟ್ ದಪ್ಪ ಆಗೈತಾ?” ಅಲ್ಲ. “ಪೇಂಟರನ್ನ ಕರಸ್ಲಾ?” ಅಲ್ಲ. “ಹಂಗಾರ ಬಣ್ಣಾನ ಬ್ಯಾಡಾ?”

ಗಾಳೆಪ್ಪನ ರೆಪ್ಪೆ ಅಲ್ಲೇ ತಡೆಯಿತು. ಹೌದೆಂದರೆ ತೇಪೆ ಬಿಸಿಲಿಗೇ ಉಳಿಯುತ್ತದೆ. ಅಲ್ಲವೆಂದರೆ ಪುಡಿಯ ಮೇಲೆ ಬಣ್ಣ ಏರುತ್ತದೆ. ಮೊದಲು ಉಜ್ಜು, ಪುಡಿ ಹೋಗಿ ಗಟ್ಟಿ ಪದರ ಸಿಗುವವರೆಗೆ ಉಜ್ಜು, ಆಮೇಲೆ ಬಳಿ ಎಂಬುದು ಆ ಎರಡರಲ್ಲೂ ಇರಲಿಲ್ಲ. ಯಾರಾದರೂ ಕೇಳಿದರೆ ಮಾತ್ರ ಅವನು ಹೇಳಬಲ್ಲ. ಕೇಳಬೇಕಾದರೆ ಅವರಿಗೆ ಮೊದಲೇ ಗೊತ್ತಿರಬೇಕು.

“ನೋಡಬೇ, ಅವಂಗೂ ಗೊತ್ತಾಗವಲ್ದು,” ಎಂದು ಗಂಗಾಧರ ದೋಣಿಯತ್ತ ಹೋದ.

ಬಣ್ಣ ಚೆನ್ನಾಗಿ ಕೂತಿತು. ಓಣಿಯವರು ಬಂದು ಹೊಗಳಿದರು. ಮೊದಲ ದಿನ ಏನೂ ಆಗದೆಂದು ಗಾಳೆಪ್ಪನಿಗೆ ಗೊತ್ತಿತ್ತು, ಬಹುಶಃ ಮೊದಲ ತಿಂಗಳೂ. ನೀರಿಗೆ ನೆನೆದು, ಬಿಸಿಲಿಗೆ ಒಣಗಿ ಬಣ್ಣ ಅಂಚಿನಲ್ಲಿ ಏಳುತ್ತದೆ. ಒಂದು ದಿನ ಇಡೀ ಹಾಳೆ ಬಿಡುತ್ತದೆ. ತಳ ನೀರಿನೊಳಗಿರುವುದರಿಂದ ಅದು ಯಾರಿಗೂ ಕಾಣುವುದಿಲ್ಲ. ಆಮೇಲೆ ನೂಲಿನಗುಂಟ ನೀರು ಒಳಗೆ ಇಳಿಯುವುದು ನಡುನೀರಿನಲ್ಲಿ.

ಮೃಗಶಿರಾ ಮಳೆಗೆ ಡ್ಯಾಮಿಗೆ ನೀರು ಬಂತು. ಗಂಗಾಧರ ಎರಡನೆಯ ಕೈ ಬಣ್ಣ ಬಳಿದು ಮುಗಿಸಿ ಬಂದು ಹೊರಸಿನ ಅಂಚಿಗೆ ಕೂತ. ಅಪ್ಪನ ಮುಖದ ಬೆವರನ್ನು ತನ್ನ ಟವೆಲಿನಿಂದ ಒರೆಸಿದ. ನೀಲಿ ಹತ್ತಿದ ಬೆರಳುಗಳು ಆಗಲೇ ಚಡಪಡಿಸುತ್ತಿದ್ದವು.

“ಯಪ್ಪಾ, ನಾಳೆ ನೀರಿಗೆ ಇಳಸ್ಲಾ? ನೀ ಹೂಂ ಅಂದ್ರ ಸಾಕು.”

ಗಾಳೆಪ್ಪನಿಗೆ ಮಗ ಗೊತ್ತಿದ್ದ. ಮೊದಲ ಸಲ ರೆಪ್ಪೆ ಇಳಿದದ್ದೇ ಹೌದೆಂದುಕೊಂಡು ಎದ್ದು ಓಡುವವನು. ಗಾಳಿಗೆ ಅಂಗಳದ ಧೂಳು ಎದ್ದಿತು. ಕಣ್ಣು ಉರಿಯಿತು, ತುಂಬಿತು, ದೋಣಿಯ ನೀಲಿ ಎಲ್ಲ ಕಲಸಿಹೋಯಿತು. ಅವನು ಕಣ್ಣು ಮುಚ್ಚಲಿಲ್ಲ. ಗಂಗಾಧರ ಬಾಗಿ ಕಾಯುತ್ತಿದ್ದ.