ಊಹೂಂ ಎನ್ನುವ ವಿದ್ಯೆ

ಟೆಕ್ಸಸ್ಸಿನ ಕನ್ನಡದ ಮನೆಗಳಲ್ಲಿ ಈ ಕತೆ ಊರಿಗೊಂದು ರೂಪ ತಾಳಿದೆ. ಹ್ಯೂಸ್ಟನ್ನಿನವರು ಹೇಳುವಾಗ ಅಜ್ಜಿ ಬೆಳಗಾವಿಯವಳು. ಆಸ್ಟಿನ್ನಿನವರ ಬಾಯಲ್ಲಿ ಮೊಮ್ಮಗಳು ಮೊಮ್ಮಗನಾಗುತ್ತಾಳೆ. ಡಾಲಸ್ಸಿನ ಪಕ್ಕದ ರಿಚರ್ಡ್‌ಸನ್ನಿನವರು ಹೇಳುವುದೇ ಹೆಚ್ಚು ನಂಬತಕ್ಕದ್ದು. ನಡೆದದ್ದು ಅಲ್ಲಿ, ಕಂಡವರು ಇನ್ನೂ ಇದ್ದಾರೆ. ಅವರ ಪ್ರಕಾರ ಅಜ್ಜಿ ಧಾರವಾಡದ ಕಾಶವ್ವ. 2014ರ ಬೇಸಿಗೆಯಲ್ಲಿ ಮಗ ಚಿದಾನಂದನ ಮನೆಗೆ ಬಂದವಳು ದೀಪಾವಳಿಯೊಳಗೆ ಮರಳಬೇಕಾಗಿತ್ತು.

ಮರಳಿದ ಮೇಲೆ ಆ ದಿನಗಳನ್ನು ನೆನೆದಾಗಲೆಲ್ಲ ಕಾಶವ್ವ ಮೊದಲು ಹೊಗಳುತ್ತಿದ್ದುದು ಅಲ್ಲಿನ ಬಿಸಿಲನ್ನು. ಹಿತ್ತಲಲ್ಲಿ ಹಳೆಯ ಚಾದರ ಹಾಸಿ ಇಟ್ಟ ಸಂಡಿಗೆ ಮಧ್ಯಾಹ್ನದೊಳಗೆ ಕಟಕಟ ಎನ್ನುತ್ತಿತ್ತಂತೆ. ಬಿಸಿಲಿನ ಹೊಗಳಿಕೆ ಮುಗಿದ ಮೇಲೆ ಮೊಮ್ಮಗಳು ವೈಷ್ಣವಿಯ ಸುದ್ದಿ. ಅಲ್ಲಿಗೆ ಬಂದರೆ ಅಜ್ಜಿಯ ದನಿ ತಗ್ಗುತ್ತಿತ್ತು.

ಕಾಶವ್ವನಿಗೆ ಕತೆ ಹೇಳುವುದು ಉಸಿರಾಟದಷ್ಟು ಸಹಜ. ಅವಳ ತವರಿನ ಪಡಸಾಲೆಯಲ್ಲಿ ಓಣಿಯ ಮಕ್ಕಳೆಲ್ಲ ಗೋಡೆಗೆ ಒರಗಿ ಕೂಡುತ್ತಿದ್ದರು. ಹೇಳುವವಳು ಒಂದು ಮಾತು ಮುಗಿಸಿದರೆ ಕೇಳುವವರು ಹ್ಞೂಂ ಎನ್ನಬೇಕು. ಹ್ಞೂಂ ತಪ್ಪಿತೋ, "ಯಾರಲೇ ನಿದ್ದಿ ಮಾಡಿದಾವ್ರು?" ಎಂದು ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಹ್ಞೂಂ ಎಂಬುದು ಕತೆಯ ಬಂಡಿಗೆ ಹೂಡಿದ ಎತ್ತು ಎಂದೇ ಕಾಶವ್ವ ತಿಳಿದು ಬೆಳೆದವಳು.

ಒಂಬತ್ತರ ವೈಷ್ಣವಿಗೆ ಕನ್ನಡ ತಿಳಿಯುತ್ತಿತ್ತು, ಆಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಂದು ಯುಗಾದಿ ಕೂಟದಲ್ಲಿ "ಅಂಕಲ್ ಬಂದಳು" ಎಂದಿದ್ದಳಂತೆ. ನೆರೆದ ಆಂಟಿಯರೆಲ್ಲ ಹೊಟ್ಟೆ ಹಿಡಿದು ನಕ್ಕು, ಇನ್ನೊಮ್ಮೆ ಹೇಳಿಸಿ ಮತ್ತೆ ನಕ್ಕರು. ಅಂದಿನಿಂದ ಹುಡುಗಿ ಕನ್ನಡವನ್ನು ಕಿವಿಯಲ್ಲಿ ಇಟ್ಟುಕೊಂಡಳು, ನಾಲಿಗೆಗೆ ತರಲಿಲ್ಲ. ಅಜ್ಜಿಯ ಕತೆಗೆ ಅವಳು ಒಪ್ಪವಾಗಿ ಹ್ಞೂಂ ಎನ್ನುತ್ತಿದ್ದಳು; ಮುಗಿದೊಡನೆ "ನೈಸ್ ಸ್ಟೋರಿ, ಅಜ್ಜಿ" ಎಂದು ಎದ್ದು ಹೋಗುತ್ತಿದ್ದಳು.

"ನಾ ಹೋದ ದಿನಾ ನನ್ನ ಕತೀನೂ ವಿಮಾನ ಹತ್ತತಾವ ನೋಡವಾ," ಎಂದು ಕಾಶವ್ವ ಸೊಸೆ ನೇಹಾಳ ಮುಂದೆ ಅಲವತ್ತುಕೊಂಡಳು. "ಒಂದರೆ ಕತಿ ಈ ಹುಡುಗಿ ಬಾಯಾಗ ಇಟ್ಟು ಹೋಗಬೇಕಂತೀನಿ. ಬಾಯಿನ ತಗಿವಲ್ಲದು."

"ಹ್ಞೂಂ ಅಂತಾಳಲ್ರೀ ಅತ್ತಿ."

"ಹ್ಞೂಂ ಅನ್ನಾಕ ಎಮ್ಮೀಗೂ ಬರ್ತದ."

ಆಷಾಢದ ಒಂದು ಮಧ್ಯಾಹ್ನ ಕಾಶವ್ವ ಸಂಡಿಗೆ ತಿರುವಿ ಹಾಕುತ್ತಿರುವಾಗ ಮರದ ಬೇಲಿಯಾಚೆ ಜಗಳ ಕೇಳಿಸಿತು. ಪಕ್ಕದ ಮನೆಯಾಕೆ ಎಸ್ತರ್, ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಯಹೂದಿ ಮುದುಕಿ. ಸಂದಿಯಲ್ಲಿ ಇಣುಕಿದರೆ ಅವಳು ಹಿತ್ತಲಿನ ಮೇಜು ಗುದ್ದುತ್ತಿದ್ದಳು. ಎದುರಿಗಿದ್ದ ಇನ್ನೊಬ್ಬ ಮುದುಕಿ ಬೆರಳು ತೋರಿಸಿ ಕೂಗುತ್ತಿದ್ದಳು. ಕಾಶವ್ವನ ಜೀವ ತಡೆಯಲಿಲ್ಲ. ಜಗಳ ಬಿಡಿಸದೆ ನೋಡುತ್ತ ನಿಂತವರಿಗೂ ಪಾಪದ ಪಾಲುಂಟು ಎಂಬುದು ಅವಳ ಊರಿನ ನಂಬಿಕೆ. ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ಹಿಡಿದು, ನೇಹಾಳನ್ನು ಎಳೆದುಕೊಂಡು ಆಚೆ ಮನೆಯ ಕದ ತಟ್ಟಿದಳು.

"ಈ ವಯಸ್ಸಿನಾಗ ಏನಾರ ಇರಲಿ, ಬಾಯಿ ಸಿಹಿ ಮಾಡ್ಕೊಂಡು ಬಿಟ್ಟುಬಿಡ್ರೆವಾ," ಎಂದದ್ದನ್ನು ನೇಹಾ ನಾಚುತ್ತಲೇ ಇಂಗ್ಲಿಷಿಗೆ ದಾಟಿಸಿದಳು.

ಇಬ್ಬರು ಮುದುಕಿಯರೂ ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಎಸ್ತರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ಜಗಳವಲ್ಲ, ಓದು. ಅವರ ಹಿರಿಯರ ಶಾಸ್ತ್ರವನ್ನು ಒಬ್ಬರೇ ಕುಳಿತು ಓದುವುದು ಕಡಿಮೆ. ಇಬ್ಬರು, ಎದುರುಬದುರು, ವಾದಿಸುತ್ತ ಓದಬೇಕು. ಆ ಜೋಡಿ ಓದಿಗೆ ಹವ್ರೂತಾ ಎನ್ನುತ್ತಾರೆ. ಗೆಳೆತನವೆಂಬ ಮಾತಿನಿಂದ ಹುಟ್ಟಿದ ಹೆಸರು. ಅಂದಿನ ವಾದ, ದಾರಿಯಲ್ಲಿ ಬಿದ್ದ ವಸ್ತು ಕಳೆದುಕೊಂಡವನದೋ ಸಿಕ್ಕವನದೋ ಎಂಬುದು. ಪುಸ್ತಕದ ಪುಟವನ್ನೂ ತೋರಿಸಿದಳು: ನಡುವೆ ಮೂಲ, ಸುತ್ತಲೂ ಬೇರೆ ಬೇರೆ ಶತಮಾನದವರ ತಕರಾರು. ಕಾಶವ್ವನಿಗೆ ಊರ ಬಾಗಿಲಿನ ಅಗಸಿ ಕಟ್ಟೆಯ ಸುತ್ತ ಕೂತ ಹಿರಿಯರು ಕಂಡಂತಾಯಿತು.

"ಇವರ ಜೋಡಿ ಬರೇ ಹೌದು ಹೌದು ಅಂದ್ರ ಏನಾಗ್ತದಂತ ಕೇಳು," ಎಂದಳು.

ಎಸ್ತರ್ ತಲೆಯಾಡಿಸಿ ಉತ್ತರಿಸಿದಳು. ನೇಹಾ ಹೇಳಿದಳು: "ಹೌದು ಅನ್ನಾವ್ರು ಕೇಳಿರ್ತಾರಂತ್ರಿ, ಇಲ್ಲ ಅನ್ನಾವ್ರು ಕಲ್ತಿರ್ತಾರಂತ. ಇವರ ವಸಂತದ ಹಬ್ಬದಾಗ ಮನ್ಯಾಗಿನ ಎಲ್ಲಾರ್ಕಿಂತ ಸಣ್ಣ ಕೂಸು ಎದ್ದು ಪ್ರಶ್ನೆ ಕೇಳಬೇಕಂತ್ರಿ. ಕೇಳೂತನಕ ದೊಡ್ಡವರು ಕತೀನ ಶುರು ಮಾಡಂಗಿಲ್ಲಂತ."

ಕಾಶವ್ವ ಮನೆಗೆ ಬರುವಾಗ ತಂಬಿಗೆಯನ್ನು ಅಲ್ಲೇ ಮರೆತು ಬಂದಳು.

ಮರುದಿನ ಅವಳು ಮಾತಾಡುವ ಎತ್ತಿನ ಕತೆ ಹೇಳಿದಳು. ಒಬ್ಬ ಗಾಣಿಗ, ಅವನಿಗೊಂದು ಎತ್ತು; ಗಾಣ ಸುತ್ತುತ್ತ ಅದು ಗಾಣಿಗನೊಡನೆ ಸುಖದುಃಖ ಮಾತಾಡುತ್ತಿತ್ತು. ರಾಜನಿಗೆ ಸುದ್ದಿ ಮುಟ್ಟಿತು, ಎತ್ತು ಬೇಕೆಂದ, ಗಾಣಿಗ ಕೊಟ್ಟ. ಅರಮನೆಯಲ್ಲಿ ಎತ್ತು ಬಾಯೇ ಬಿಡಲಿಲ್ಲ. ರಾಜ ರೇಗಿ ಅದನ್ನು ಹಿಂದಕ್ಕಟ್ಟಿದ. ತನ್ನ ಕೊಟ್ಟಿಗೆ ಕಂಡೊಡನೆ ಎತ್ತು, "ಹುಲ್ಲು ಹಾಕು" ಎಂದಿತು.

"ಹ್ಞೂಂ," ಎಂದಳು ವೈಷ್ಣವಿ.

"ಇನ್ಮ್ಯಾಲೆ ಹ್ಞೂಂ ಅಂದ್ರ ಕತಿ ಬಂದ್. ಊಹೂಂ ಅನ್ನಬೇಕು. ನನ್ನ ಜೋಡಿ ಜಗಳಾಡಬೇಕು."

ಹುಡುಗಿ ತಾಯಿಯ ಮುಖ ನೋಡಿದಳು. ನೇಹಾ ನಕ್ಕಳು. "ಓಕೆ. ಊಹೂಂ. ಬಿಕಾಸ್..."

"ಕನ್ನಡದಾಗ. ಇಂಗ್ಲೀಷಿನಾಗ ಜಗಳಾಡಿದ್ರ ನಾ ಸೋತೇನೋ ಗೆದ್ದೇನೋ ನನಗ ಹೆಂಗ ಗೊತ್ತಾಗಬೇಕು?"

ವೈಷ್ಣವಿ ದಿಂಬು ತಬ್ಬಿಕೊಂಡು ಒದ್ದಾಡಿದಳು. ಕೊನೆಗೆ ಬಾಯಿ ತೆರೆಯಿತು. "ಎತ್ತಿಗೆ ಮಾತು ಬರ್ತದ. ಮತ್ತ ಅವಳು ಯಾಕ ನಾ ಹೋಗಂಗಿಲ್ಲ ಅನ್ನಲಿಲ್ಲ? ಅಜ್ಜಿ, ನೀ ಸುಳ್ಳು ಹೇಳ್ತಿ!"

ಅದೇ ಗಳಿಗೆಗೆ ಆಫೀಸಿನಿಂದ ಬಂದ ಚಿದಾನಂದ ಬಾಗಿಲಲ್ಲಿ ನಿಂತಿದ್ದ. "ಏಯ್! ಅಜ್ಜಿಗೆ ಎದುರುತ್ತರ ಕೊಡ್ತಿಯೇನು? ಸಾರಿ ಕೇಳು."

"ಸಾರಿ, ಅಜ್ಜಿ," ಎಂದು ಹುಡುಗಿ ದಿಂಬು ಬಿಟ್ಟು ಮಹಡಿ ಹತ್ತಿದಳು.

ಮುಂದಿನ ದಿನಗಳಲ್ಲಿ ಕಾಶವ್ವ ಎಷ್ಟು ಪುಸಲಾಯಿಸಿದರೂ ವೈಷ್ಣವಿ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗಣಪತಿ ಹಬ್ಬ ಹೋಯಿತು, ನವರಾತ್ರಿ ಬಂತು. ಪೆಟ್ಟಿಗೆ ಕಟ್ಟುವ ಮಾತು ಮನೆಯಲ್ಲಿ ಶುರುವಾಯಿತು.

ಒಂದು ರವಿವಾರ ಕಾಶವ್ವ ರೊಟ್ಟಿ ಬಡಿಯುತ್ತಲೇ ಮಗನನ್ನು ಕರೆದಳು. "ಆ ಕೂಸಿನ ಬಾಯಿ ಯಾಕ ಹೊಲಿದಿ?"

"ಅಲ್ಲವ್ವ, ದೊಡ್ಡವರಿಗೆ ಎದುರುತ್ತರ ಕೊಡಬಾರದು ಅಂತ ನೀನ ಅಲ್ಲೇನು ಕಲಿಸಿದಾಕಿ?"

"ಕಲಿಸಿದ್ನೆಪಾ. ಎಷ್ಟು ಚಲೋ ಕಲ್ತಿ ಅಂತಿ! ವಾರಕ್ಕೊಮ್ಮೆ ಫೋನ್ ಮಾಡ್ತಿ. ಉಂಡಿಯೇನು? ಹ್ಞೂಂ. ಆರಾಮ ಇದ್ದಿಯೇನು? ಹ್ಞೂಂ. ಅಲ್ಲಿ ಚಳಿ ಐತೇನು? ಹ್ಞೂಂ. ಇಟ್ಟುಬಿಡ್ತಿ. ನಿನ್ನ ಹೊಟ್ಟ್ಯಾಗ ಏನೈತಿ ಅಂತ ಇಷ್ಟು ವರ್ಷದಾಗ ನನಗೊಂದು ಮಾತು ಗೊತ್ತಾಗಿಲ್ಲ."

ಚಿದಾನಂದ ಏನೋ ಹೇಳಹೋಗಿ, ಅಭ್ಯಾಸಬಲದಿಂದ "ಹ್ಞೂಂ" ಎಂದುಬಿಟ್ಟ. ಒಲೆಯ ಮುಂದಿದ್ದ ನೇಹಾ ಸೆರಗು ಬಾಯಿಗಿಟ್ಟು ನಕ್ಕಳು.

"ಕೂಡು ಇಲ್ಲೆ. ನೀನೂ ಹ್ಞೂಂ ಅನ್ನಂಗಿಲ್ಲ, ಊಹೂಂ ಅನ್ನಬೇಕು," ಎಂದಳು ಕಾಶವ್ವ. ಕೈಯ ಹಿಟ್ಟು ಕೊಡವಿ, ಮಹಡಿಯ ಮೆಟ್ಟಿಲಿಗೂ ಕೇಳಿಸುವಂತೆ ಎತ್ತಿನ ಕತೆ ಹೇಳಿದಳು. ಮಗನನ್ನು ಎದುರು ಕೂರಿಸಿಕೊಂಡು ಕತೆ ಹೇಳಿ ಎಷ್ಟು ಕಾಲವಾಗಿತ್ತೋ. ಅವನ ಕಿವಿಯ ಹಿಂದೆ ನೆರೆತ ಕೂದಲು ಕಂಡು ಅವಳ ದನಿ ಒಂದೆಡೆ ಜಾರಿತು. ಆದರೂ ಕತೆ ಬಿಡಲಿಲ್ಲ. ವೈಷ್ಣವಿ ಯಾವಾಗಲೋ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು.

ಕತೆ ಮುಗಿದಾಗ ಚಿದಾನಂದ ನೆಲ ನೋಡುತ್ತಲೇ, "ಊಹೂಂ," ಎಂದ.

"ಯಾಕ?"

"ಎತ್ತು ಅರಮನ್ಯಾಗ ಮಾತಾಡಿತ್ತವ್ವ. ಬಂದ ಹೊಸತಾಗ ದಿನಾ ಮಾತಾಡಿತ್ತು. ಅಲ್ಲಿ ಅದರ ಮಾತು ತಿಳಿಯಾವ್ರ ಇರಲಿಲ್ಲ. ಕಡೀಕ ಅದಕ್ಕೂ ಸಾಕಾತು. ಊರಿಗೆ ಹೋಗಿ ಏನು ಹೇಳಬೇಕು? ಹುಲ್ಲು ಹಾಕು ಅಂತು. ಅಷ್ಟ ಉಳದಿತ್ತು ಅದರ ಕಡೆ."

ಕಾಶವ್ವ ಅವನ ತೋಳಿಗೆ ಕೈ ಚಾಚಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಚೀರಿದಂತೆ ಮಾತು ಬಂತು.

"ಊಹೂಂ! ಅಪ್ಪಾ, ತಪ್ಪು! ರಾಜ ಅದೇ ಊರಿಂದು. ಅವಳಿಗೆ ಕನ್ನಡ ಬರ್ತದ!"

"ಅವಳಿಗೆ ಅಲ್ಲ, ಅವ..." ಎಂದು ತಿದ್ದಹೊರಟ ಮಗನ ತೊಡೆಗೆ ಕಾಶವ್ವ ಚಿವುಟಿದಳು. ಅವನು ನುಂಗಿಕೊಂಡು, "ಹಂಗಾದ್ರ ನೀ ಹೇಳು, ಯಾಕ ಸುಮ್ಮನಿತ್ತು?" ಎಂದ.

"ಎತ್ತು ಸಿಟ್ಟು ಆಗ್ಯಾಳ! ಗಾಣಿಗ ಅವಳನ್ನ ಕೇಳಲಿಲ್ಲ. ಕೇಳದೇ ಕೊಟ್ಟ. ಅದಕ್ಕ ಮಾತಾಡಲಿಲ್ಲ, ಯಾರ ಜೋಡಿನೂ!"

"ರಾಜ ಕೇಳಿದ್ರ ಇಲ್ಲ ಅನ್ನಾಕ ಆಗ್ತದೇನು? ಗಾಣಿಗ ಬಡವ."

"ಎತ್ತನ್ನ ಕೇಳಾಕ ರೊಕ್ಕ ಬೇಕಾ?"

ಮಗಳು ಇಳಿದು ಬಂದು ಅಪ್ಪನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

"ನೋಡವಾ ವೈಷ್ಣವಿ, ಗಾಣಿಗಂದೇನಂದ್ರ..." ಎಂದು ಕಾಶವ್ವ ನಡುವೆ ಬಂದಳು.

"ಅಜ್ಜಿ, ನೀ ಸುಮ್ಮನಿರು! ಈಗ ನಾನು ಅಪ್ಪ ಜಗಳ."

ಮನೆಯಲ್ಲಿ ಯಾರೂ ಆ ಹುಡುಗಿಯನ್ನು ಗದರಲಿಲ್ಲ. ರೊಟ್ಟಿ ಆರುತ್ತಿದ್ದವು, ಬದನೆಕಾಯಿ ಪಲ್ಯ ಆರುತ್ತಿತ್ತು. ಕಾಶವ್ವ ಯಾರನ್ನೂ ಊಟಕ್ಕೆ ಕರೆಯಲಿಲ್ಲ.